ಮೇಲಿನ ತಿರುವಿನ ಬದು

ನಿನ್ನ ಅಡುಗೆಮನೆಯ ಮೇಜಿನಿಂದ,
ಸೋಮವಾರ, ಊಟವಾದ ಮೇಲೆ

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಮೊಣಕಾಲಿನ ಸುದ್ದಿ ಹೇಳು. ಮಗಳ ಮನೆಗೆ ಮೂರು ಮಹಡಿ ಹತ್ತಬೇಕು ಎಂದು ಕೇಳಿದಾಗಿನಿಂದ ನನಗೆ ಅದೇ ಯೋಚನೆ. ಇಲ್ಲಿ ಜಗಲಿಯ ಎರಡು ಮೆಟ್ಟಿಲು ಹತ್ತುವಾಗಲೇ ಸಾಲುಮನೆಗಳಿಗೆಲ್ಲ ಕೇಳುವ ಹಾಗೆ ಉಸ್ಸಪ್ಪಾ ಎನ್ನುತ್ತಿದ್ದವಳು ನೀನು. ಅಲ್ಲಿ ಯಾರ ಕಿವಿಗೆ ಬೀಳಲೆಂದು ಅನ್ನುತ್ತೀಯೋ. ಕೆಮ್ಮು ನಿಂತಿತೇ? ಹೊಗೆ ಎದೆಯಲ್ಲಿ ಕೂತರೆ ಬಹಳ ದಿನ ಏಳುವುದಿಲ್ಲವಂತೆ. ಡಾಕ್ಟರು ಕೊಟ್ಟ ಔಷಧಿಯನ್ನು 'ಆಮೇಲೆ ಕುಡಿದರಾಯ್ತು' ಎಂದು ಕಪಾಟಿನ ಮೂಲೆಗೆ ಸೇರಿಸಿರುತ್ತೀಯ, ನಿನ್ನ ಜಾಯಮಾನ ನನಗೆ ಗೊತ್ತಿಲ್ಲವೇ. ತೆಗೆದು ಕುಡಿ. ಮಗಳಿಗೂ ಅಳಿಯನಿಗೂ ನಾನು ಕೇಳಿದೆನೆಂದು ಹೇಳು. ಮೊಮ್ಮಗಳು ನಿನ್ನ ಕನ್ನಡಕ ಮುರಿದಳೆಂದು ತಿಳಿಯಿತು. ಚೆನ್ನಾಗೇ ಮಾಡಿದಳು, ಆ ಕನ್ನಡಕದಲ್ಲಿ ನೀನು ಹೆಡ್ ಮೇಷ್ಟರ ಹಾಗೆ ಕಾಣುತ್ತಿದ್ದೆ.

ನನ್ನ ಕ್ಷೇಮದ ವಿಚಾರಕ್ಕೆ ಬಂದರೆ, ಕ್ಷೇಮವೇ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ಮಲಗಿದರೆ ನಿದ್ದೆ ಬರುತ್ತದೆ. ಯಾರಾದರೂ ತಮಾಷೆ ಮಾಡಿದರೆ ನಗುತ್ತೇನೆ ಕೂಡ. ಆದರೆ ಹಲ್ಲು ಕೀಳುವ ಮೊದಲು ವಸಡಿಗೆ ಸೂಜಿ ಚುಚ್ಚಿದ ಮೇಲೆ ನಮ್ಮ ಕೆನ್ನೆಯನ್ನು ನಾವೇ ಮುಟ್ಟಿಕೊಂಡರೆ ಬೇರೆ ಯಾರದೋ ಅನ್ನಿಸುತ್ತದಲ್ಲ, ನಾನು ಇಡಿಯಾಗಿ ಹಾಗೆ ಇದ್ದೇನೆ. ಭಾವ ಹೋದ ಮೇಲೆ ಒಂದು ಸಲವೂ ಅತ್ತಿಲ್ಲ. ಮಣ್ಣು ಮಾಡಿದ ದಿನ ನೀನು ನನ್ನ ಭುಜಕ್ಕೆ ತಲೆ ಆನಿಸಿ ಅಳುತ್ತಿದ್ದಾಗ ನಾನು ಎದುರಿಗಿದ್ದವನ ಅಂಗಿಯ ಗುಂಡಿ ಸಡಿಲವಾಗಿದೆ ಎಂದು ನೋಡುತ್ತಿದ್ದೆ. ನನ್ನವಳು ಮೊದಮೊದಲು 'ಗಟ್ಟಿ ಮನಸ್ಸು' ಎಂದು ಹೊಗಳಿದಳು. ಈಗ ಊಟ ಬಡಿಸುವಾಗ ನನ್ನ ಮುಖವನ್ನೇ ನೋಡುತ್ತಾಳೆ, ಹೆದರಿದ್ದಾಳೆ ಅನ್ನಿಸುತ್ತದೆ.

ನಿನ್ನ ಮನೆಯ ಬೀಗ ತೆಗೆದು ಇಲ್ಲಿ ಕೂತಿದ್ದೇನೆ. ಸಾಲುಮನೆಗಳಲ್ಲಿ ಒಂದಕ್ಕೂ ಕಾಡ್ಗಿಚ್ಚಿನ ಬೆಂಕಿ ತಗಲಲಿಲ್ಲ ನಿಜ, ಆದರೆ ಬೂದಿ ಯಾವ ಸಂದಿಯಿಂದ ಒಳಗೆ ನುಗ್ಗುತ್ತದೋ ದೇವರೇ ಬಲ್ಲ. ವಾರಕ್ಕೊಮ್ಮೆ ಬಂದು ಒರೆಸಿ ಹೋಗುತ್ತೇನೆ. ಮತ್ತೆ ಬರುವಷ್ಟರಲ್ಲಿ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಕೂತಿರುತ್ತದೆ. ಸಕ್ಕರೆ ಡಬ್ಬಿಯೊಳಗೂ ಇತ್ತು. ಮುಚ್ಚಳ ಗಟ್ಟಿಯಾಗಿ ಹಾಕುವ ಅಭ್ಯಾಸ ನಿನಗೆ ಹುಟ್ಟಿದಾಗಿನಿಂದ ಇಲ್ಲ. ಪರದೆಗಳನ್ನು ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದ್ದೇನೆ, ಮೊದಲ ನೀರು ಮಸಿಯಂತೆ ಬಂತು. ಬಾಗಿಲ ಹಿಂದೆ ಭಾವನ ಹಳೆಯ ಬೂಟುಗಳಿವೆ, ಬಲಗಾಲಿನದರ ಹಿಮ್ಮಡಿ ಸವೆದಿರುವ ಜೊತೆ. ಅವುಗಳೊಳಗೂ ಬೂದಿ. ಹಿತ್ತಲಿಗೆ ಹೋಗಿ ಕೊಡವಿ ಮತ್ತೆ ಅಲ್ಲೇ ಇಟ್ಟೆ. ಇಟ್ಟ ಮೇಲೆ ಕೈ ತೊಳೆದುಕೊಂಡು ಚಹಾ ಮಾಡಿಕೊಂಡೆ, ಅಷ್ಟೇ.

ಇನ್ನು ಬೆಟ್ಟದ ಸುದ್ದಿ. ಬೆಟ್ಟ ನೋಡಲು ಕ್ಷೌರ ಮಾಡಿಸಿಕೊಂಡ ತಲೆಯಂತಿದೆ. ಮರಗಳು ನಿಂತಿವೆ, ಆದರೆ ಕಡ್ಡಿಗಳಾಗಿ. ನಮ್ಮನ್ನು ಹೆದರಿಸುತ್ತಿರುವುದು ಮರ ಹೋದದ್ದಲ್ಲ, ನೆಲ ಕೆಟ್ಟದ್ದು. ಸುಟ್ಟ ಎಲೆಗಳ ಜಿಡ್ಡು ಮಣ್ಣಿಗೆ ಇಳಿದು ನೆಲ ಎಣ್ಣೆ ಕುಡಿದ ಕಾವಲಿಯಂತಾಗಿದೆ. ಮೇಲೆ ನೀರು ಚೆಲ್ಲಿದರೆ ಹೀರುವುದಿಲ್ಲ, ಹನಿಹನಿಯಾಗಿ ಉರುಳಿ ಹೋಗುತ್ತದೆ. ನಾನೇ ಬಗ್ಗಿ ನೋಡಿದೆ. ಹಿಂದೆ ಅರ್ಧ ದಿನ ಮಳೆ ಬಂದರೂ ಬೆಟ್ಟ ತಾನು ಕುಡಿದು ಉಳಿದದ್ದನ್ನು ಮಾತ್ರ ಕೆಳಗೆ ಬಿಡುತ್ತಿತ್ತು. ಈಗ ಒಂದು ಜೋರು ಮಳೆ ಸಾಕು, ಬಂದದ್ದೆಲ್ಲ ಬೂದಿ, ಕಲ್ಲು, ಕರಿಕಟ್ಟಿಗೆ ಸಮೇತ ನೇರ ಕೆಳಗೆ. ಕೆಳಗೆ ಏನಿದೆ? ಮೊದಲು ನಮ್ಮ ಮಣ್ಣುರಸ್ತೆ, ಅದರ ಕೆಳಗೆ ಈ ಸಾಲುಮನೆಗಳು. ಆದ್ದರಿಂದ ಮಳೆಗಾಲ ಹಿಡಿಯುವ ಮೊದಲು ಇಡೀ ರಸ್ತೆಯನ್ನು ಬೇರೆ ಆಕಾರಕ್ಕೆ ತರಬೇಕೆಂದು ಮೇಲಿನವರ ಅಪ್ಪಣೆಯಾಗಿದೆ. ನಾನು ಅದೇ ಕೆಲಸದಲ್ಲಿದ್ದೇನೆ. ಮಣ್ಣು ಕೆತ್ತಲು ಬೇರೆ ಕಡೆಯಿಂದ ತರಿಸಿದ ಗ್ರೇಡರ್ ಯಂತ್ರ ಕೊಟ್ಟಿದ್ದಾರೆ. ಸೀಟು ಒಳ್ಳೆಯದು, ಬ್ರೇಕಿನ ಮೇಲೆ ಮಾತ್ರ ಭರವಸೆ ಇಟ್ಟುಕೊಳ್ಳುವಂತಿಲ್ಲ. ಭಾವನ ಯಂತ್ರ ಸುಟ್ಟು, ಕಚೇರಿಯ ಅಂಗಳದಲ್ಲಿ ಟೈರಿಲ್ಲದೆ ಕೂತಿದೆ.

ಬೇರೆ ಆಕಾರ ಅಂದರೆ ಏನು ಎಂದು ನೀನು ಕೇಳುವವಳಲ್ಲ. ಮೂವತ್ತು ವರ್ಷ ರಸ್ತೆಯವನ ಹೆಂಡತಿಯಾಗಿದ್ದವಳು. ಆದರೂ ಬರೆಯುತ್ತೇನೆ, ಯಾಕೆಂದರೆ ಬರೆಯದೆ ನನಗೂ ನಂಬಿಕೆ ಬರುತ್ತಿಲ್ಲ. ಭಾವ ಈ ರಸ್ತೆಯನ್ನು ಬೆಟ್ಟದ ಕಡೆಗೆ ವಾಲಿಸಿ ಮಾಡಿದ್ದರು. 'ರಸ್ತೆ ಅಂದ್ರೆ ಮಗು ಇದ್ದ ಹಾಗೆ, ಅಮ್ಮನ ಕಡೆ ಒರಗಿರ್ಬೇಕು' ಎನ್ನುತ್ತಿದ್ದರು. ಮರದ ಲಾರಿ ಎಷ್ಟು ತೂಕ ಹೊತ್ತು ಬಂದರೂ ಬೆಟ್ಟಕ್ಕೆ ಒರಗಿ ಹೋಗುತ್ತಿತ್ತೇ ಹೊರತು ಕಣಿವೆಯ ಕಡೆ ಹೆದರಿಸುತ್ತಿರಲಿಲ್ಲ. ಮಳೆಯ ನೀರು ಬೆಟ್ಟದ ಬದಿಯ ಚರಂಡಿಗೆ ಇಳಿದು, ಅಲ್ಲಿಂದ ರಸ್ತೆಯ ಅಡಿಯ ಮೋರಿಗಳಲ್ಲಿ ಆಚೆ ಹೋಗುತ್ತಿತ್ತು. ಒಳ್ಳೆಯ ಬೆಟ್ಟಕ್ಕೆ ಅದು ಒಳ್ಳೆಯ ರಸ್ತೆ. ಈಗ ಆ ಚರಂಡಿ ಒಂದೇ ಮಳೆಗೆ ಬೂದಿ, ಕಲ್ಲು ತುಂಬಿ ಕಟ್ಟಿಕೊಳ್ಳುತ್ತದೆ, ಮೋರಿಗೆ ಒಂದು ಕರಿದಿಮ್ಮಿ ಅಡ್ಡ ಸಿಕ್ಕಿದರೆ ಮುಗಿಯಿತು. ನೀರು ಚರಂಡಿ ಬಿಟ್ಟು ರಸ್ತೆಗೆ ಏರಿ, ರಸ್ತೆಯನ್ನೇ ಹಳ್ಳ ಮಾಡಿಕೊಂಡು ಓಡಿ, ತನಗೆ ಖುಷಿ ಬಂದ ಕಡೆ ಅಂಚು ಒಡೆದು ಧುಮುಕುತ್ತದೆ. ಅದಕ್ಕೇ ಈಗ ರಸ್ತೆಯನ್ನು ಕಣಿವೆಯ ಕಡೆಗೆ ವಾಲಿಸುತ್ತಿದ್ದೇವೆ. ಹೊರ ಅಂಚಿನಲ್ಲಿರುವ ಮಣ್ಣಿನ ದಿಣ್ಣೆಗಳನ್ನೆಲ್ಲ, ಬದುಗಳನ್ನೆಲ್ಲ, ತೆಗೆಯುತ್ತೇವೆ. ಅಲ್ಲಲ್ಲಿ ರಸ್ತೆಗೆ ಅಡ್ಡಲಾಗಿ ಅಗಲವಾದ ತಗ್ಗು ಮಾಡುತ್ತೇವೆ, ಕಾರು ಹೋದರೆ ತೊಟ್ಟಿಲು ತೂಗಿದ ಹಾಗಿರುತ್ತದೆ. ನೀರು ಒಂದು ಕಡೆ ಸೇರಿ ಬಲ ಬರುವ ಮೊದಲೇ ತೆಳ್ಳಗೆ ಹರಡಿ ಅಂಚಿನಿಂದ ಇಳಿದು ಹೋಗಬೇಕು. ಗುಂಪು ಕೂಡಲು ಬಿಡಬಾರದು, ಇಷ್ಟೇ ಉಪಾಯ.

ಅಂದರೆ ಭಾವ ಒಳಕ್ಕೆ ಬಾಗಿಸಿದ್ದನ್ನು ನಾನು ಹೊರಕ್ಕೆ ಬಾಗಿಸುತ್ತಿದ್ದೇನೆ, ಒಂದೊಂದು ತಿರುವಾಗಿ, ಕೆಳಗಿನಿಂದ ಮೇಲಕ್ಕೆ. ಅವರು ಕಲಿಸಿದ ಕೈಯಲ್ಲೇ ಅವರು ಮಾಡಿದ್ದನ್ನು ಅಳಿಸುವುದು. ಎದೆ ಕಲಕಬೇಕಿತ್ತು. ಕಲಕುತ್ತಿಲ್ಲ. ಬ್ಲೇಡು ಓರೆ ಮಾಡುತ್ತೇನೆ, ಮಣ್ಣು ಸುರುಳಿಯಾಗಿ ಏಳುತ್ತದೆ, ಮುಂದೆ ಹೋಗುತ್ತೇನೆ.

ನಮ್ಮ ಮೇಲೆ ಒಬ್ಬ ಎಂಜಿನಿಯರಮ್ಮ ಬಂದಿದ್ದಾರೆ. ಬಿಸಿಲಿಗೆ ಮೂಗಿನ ತುದಿ ಸುಲಿದು ಕೆಂಪಾಗಿದೆ. ಕೊರಳಿಗೆ ಒಂದು ಸೀಟಿ ನೇತುಹಾಕಿಕೊಂಡಿರುತ್ತಾರೆ, ನಮ್ಮಲ್ಲಿ ಅರ್ಧ ಜನಕ್ಕೆ ಕಿವಿ ಕೇಳುವುದಿಲ್ಲ ಎಂದು ಮೊದಲ ದಿನವೇ ಕಂಡುಕೊಂಡರು. ಮುಂದೆ ನಡೆದು ಎಲ್ಲಿ ತಗ್ಗು ಬರಬೇಕೋ ಅಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟ ನೆಡುತ್ತಾರೆ. ಕೆಲಸ ಬಲ್ಲವರು, ಅವರು ಗೂಟ ನೆಟ್ಟ ಜಾಗ ಇಲ್ಲಿಯವರೆಗೆ ಒಂದೂ ತಪ್ಪಿಲ್ಲ. ಹಿಂದೆ ರೋಲರ್ ಮೇಲೆ ನಮ್ಮ ನಿಧಾನಯ್ಯ. ರೋಲರ್ ನಿಧಾನವೋ ಅವನು ನಿಧಾನವೋ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಬೆಂಕಿ ಬಂದ ದಿನ ಎಲ್ಲರೂ ಓಡಿದರೆ ಅವನು ಮನೆಗೆ ಬೀಗ ಹಾಕಿ, ಬಿತ್ತೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿ ಹೊರಟನಂತೆ. ಹೀಗೆ ಮೂವರದೂ ಹೇಗೋ ಹೊಂದಿಕೊಂಡು ಹೋಗುತ್ತಿದೆ.

ಭಾವನ ತಾಮ್ರದ ಚೊಂಬು ನನ್ನ ಹತ್ತಿರವಿದೆ. ಸುಟ್ಟ ಯಂತ್ರದ ಸೀಟಿನಡಿ ಸಿಕ್ಕಿತು, ಕಪ್ಪಾಗಿದೆ, ತೂತಾಗಿಲ್ಲ. ನೆನಪಿದೆಯಾ, ಒಂದು ತುಂಡು ರಸ್ತೆ ಮುಗಿಸಿದ ಮೇಲೆ ಇಳಿದು ಬಂದು ನಟ್ಟನಡುವೆ ಒಂದು ಚೊಂಬು ನೀರು ಸುರಿದು, ಸೊಂಟಕ್ಕೆ ಕೈಯಿಟ್ಟು ಅದು ಯಾವ ಕಡೆ ಹೋಗುತ್ತದೆ ಎಂದು ನೋಡುತ್ತಿದ್ದರಲ್ಲ. ನೀರು ಸರಿಯಾದ ಕಡೆ ಹೋದರೆ ಆ ತುಂಡು ಮುಗಿಯಿತು, ಇಲ್ಲವಾದರೆ ಮತ್ತೆ ಹತ್ತಿ ಕೂರುವುದು. ನಾನೂ ಹಾಗೇ ಮಾಡುತ್ತೇನೆ. ಮೊದಲ ದಿನ ಎಂಜಿನಿಯರಮ್ಮ ನಿಂತು ನೋಡಿ, 'ನನ್ನ ಮಟ್ಟ ನೋಡೋ ಕೊಳವೆನೂ ಇದನ್ನೇ ಹೇಳುತ್ತೆ, ಆದ್ರೆ ಇದು ನೋಡೋಕೆ ಚೆಂದ' ಎಂದರು. ಈಗ ಪ್ರತಿ ತುಂಡಿಗೂ ಅವರೇ ಚೊಂಬು ಕೇಳಿ ತೆಗೆದುಕೊಳ್ಳುತ್ತಾರೆ.

ಇಷ್ಟೆಲ್ಲ ಬರೆದದ್ದು ಸುತ್ತಿ ಬಳಸಿ ಒಂದು ಜಾಗಕ್ಕೆ ಬರಲಿಕ್ಕೆ. ನೀನು ಆಗಲೇ ಊಹಿಸಿರುತ್ತೀಯ. ಮೊನ್ನೆ ಕಚೇರಿಯ ಫೋನಿನಿಂದ ಮಾತಾಡುವಾಗ ನನ್ನ ಬಾಯಲ್ಲಿ 'ಬದು' ಎಂಬ ಮಾತು ಬಂದ ತಕ್ಷಣ ನೀನು ಇಟ್ಟುಬಿಟ್ಟೆ. ಹಿಂದೆ ಸರದಿಯಲ್ಲಿದ್ದವನು ಕೆಮ್ಮಿದ ಮೇಲೆ ನಾನು ರಿಸೀವರ್ ಇಟ್ಟೆ. ಪತ್ರವನ್ನು ಹಾಗೆ ಇಡಲಾಗುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೇಲಿನ ತಿರುವಿನಲ್ಲಿ ಭಾವ ಕೊನೆಯ ದಿನ ಎಳೆದ ಬದು ಇನ್ನೂ ಹಾಗೇ ಇದೆ. ಬೆಂಕಿ ರಸ್ತೆ ದಾಟಿ ಸಾಲುಮನೆಗೆ ಬರಬಾರದೆಂದು ಹುಲ್ಲು ಪೊದೆ ಎಲ್ಲ ಕೆತ್ತಿ ಅಗಲ ಮಾಡುತ್ತಾ, ಕೆತ್ತಿದ ಮಣ್ಣನ್ನು ಹೊರ ಅಂಚಿಗೆ ತಳ್ಳುತ್ತಾ ಮೇಲಿನಿಂದ ಕೆಳಗೆ ಬಂದಿದ್ದರು. ಬದು ತಿರುವಿನ ದೊಡ್ಡ ಬಂಡೆಯ ತನಕ ಬರಬೇಕಿತ್ತು. ಬಂಡೆಗೆ ಸ್ವಲ್ಪ ಮೊದಲೇ ನಿಂತಿದೆ. ನಿಂತ ತುದಿಯ ಮೇಲೆ ಸುಟ್ಟ ಮರವೊಂದು ಅಡ್ಡ ಬಿದ್ದಿದೆ, ಅದರಾಚೆ ಬಂಡೆಯವರೆಗೆ ಬೆಟ್ಟದಿಂದ ಜಾರಿದ ಮಣ್ಣು, ಬೂದಿಯ ಗುಡ್ಡೆ. ಯಂತ್ರ ಬದುವಿನ ಆ ತುದಿಗಿಂತ ಮೇಲೆ ಸಿಕ್ಕಿತು, ಭಾವ ಹಳ್ಳದ ಕಾಲುದಾರಿಯಲ್ಲಿ ಸಿಕ್ಕಿದರು. ಅದರ ಮೇಲೆ ಜನ ಏನು ಹೇಳಿದರು ಎಂದು ನಾನು ಬರೆಯುವುದು ಬೇಡ, ನೀನು ಊರು ಬಿಟ್ಟದ್ದೇ ಅದಕ್ಕೆ. ಚಹಾದಂಗಡಿಯಲ್ಲಿ ಈಗಲೂ ಹೇಳುತ್ತಾರೆ: 'ಬಂಡೆ ತನಕ ಬರ್ಲೇ ಇಲ್ಲ, ಅರ್ಧಕ್ಕೆ ಬಿಟ್ಟು ಓಡ್ದ. ಗಾಳಿ ತಿರುಗ್ತು, ಮನೆ ಉಳೀತು.' ಊರ ಬಾಯಿ ಮುಚ್ಚಲು ಯಾರಿಂದಾಗುತ್ತದೆ. ನಾನು ಹೋದಾಗ ಸುಮ್ಮನಾಗುತ್ತಾರೆ, ಅದು ಇನ್ನೂ ಕಷ್ಟ.

ಬಸ್ಸು ಹತ್ತುವಾಗ ನೀನು ಹೇಳಿದ್ದು ಒಂದೇ ಮಾತು: 'ಆ ಬದು ಮಾತ್ರ ಯಾರೂ ಮುಟ್ಟಬಾರದು ಕಣೋ. ಅವರ ಕೆಲಸ ಅದು.' ನೀನು ಸುಮ್ಮನೆ ಹೇಳಿದ್ದಲ್ಲ, ನಮ್ಮ ಕಟ್ಟಳೆ ತಿಳಿದೇ ಹೇಳಿದ್ದು. ಒಬ್ಬ ಡ್ರೈವರ್ ಅರ್ಧಕ್ಕೆ ಬಿಟ್ಟ ಮಣ್ಣಿಗೆ ಇನ್ನೊಬ್ಬ ಬ್ಲೇಡು ಹಾಕುವುದಿಲ್ಲ. ಅವನೇ ಮರುದಿನ ಬಂದು ಎತ್ತಿಕೊಳ್ಳಬೇಕು, ಅವನ ಲೆಕ್ಕ ಅವನ ಕೈಗೇ ಗೊತ್ತು. ಮುಗಿಸಿದ ಕೆಲಸವಾದರೆ ಬೇರೆ ಮಾತು, ಅದರ ಮೇಲೆ ಯಾರು ಬೇಕಾದರೂ ಕೈಯಿಡಬಹುದು. ಹಾಗಾಗಿ ನಾನು 'ಆಯ್ತಕ್ಕ' ಎಂದೆ. ಅಂದ ಮೇಲೆ ಕಾದೆ. ಮರ ಎತ್ತಲು ಬಂದವರನ್ನು ವಾಪಸು ಕಳಿಸಿದೆ, ಜಾರಿದ ಮಣ್ಣನ್ನು ಗಾಡಿ ಹೋಗುವಷ್ಟು ಒಳಬದಿಯಲ್ಲಿ ಮಾತ್ರ ತೆಗೆಸಿದೆ. ಎಂಜಿನಿಯರಮ್ಮ ಅಲ್ಲಿ ಗೂಟ ನೆಟ್ಟಾಗಲೆಲ್ಲ ನನಗೆ ಒಂದೊಂದು ನೆಪ. ಒಂದು ದಿನ ಬ್ಲೇಡಿನ ಅಂಚು ಸವೆದಿತ್ತು, ಒಂದು ದಿನ ಡೀಸೆಲ್ ಬಂದಿರಲಿಲ್ಲ, ಇನ್ನೊಂದು ದಿನ ನಿಧಾನಯ್ಯನ ಸೊಂಟ ಹಿಡಿದಿತ್ತು. ನಿಧಾನಯ್ಯ ಪಾಪ, ಕೇಳದೆಯೇ ಸೊಂಟ ಹಿಡಿದುಕೊಂಡು ನಿಂತ. ಮೇಲೂ ಮುಗಿಯಿತು, ಕೆಳಗೂ ಮುಗಿಯಿತು, ನಡುವೆ ಆ ಒಂದು ತುಂಡು ಮಾತ್ರ ಬದು ಹೊತ್ತುಕೊಂಡು ಹಾಗೇ ಉಳಿದಿದೆ.

ಭಾವನ ಇನ್ನೊಂದು ಪಾಠವೂ ನೆನಪಿದೆ. ಎಷ್ಟೇ ಹೊತ್ತಾಗಲಿ, ಬದು ಎಳೆದ ಮೇಲೆ ಒಂದು ಕಡೆ ಕಂಡಿ ಬಿಡದೆ, ಅಂದರೆ ನೀರು ಆಚೆ ಹೋಗುವಷ್ಟು ಕಡಿದು ದಾರಿ ಮಾಡದೆ, ಯಂತ್ರದಿಂದ ಇಳಿಯಬಾರದು. 'ನಾಳೆ ನಾವು ಬರ್ತೀವೋ ಇಲ್ವೋ, ಮಳೆ ಬರುತ್ತೆ' ಎನ್ನುತ್ತಿದ್ದರು. ಹಸಿವಾದರೂ ಜ್ವರ ಬಂದರೂ ಕಂಡಿ ಬಿಟ್ಟೇ ಇಳಿದವರು. ಆ ಬದುವಿನ ಉದ್ದಕ್ಕೂ ನಾನು ನಡೆದು ನೋಡಿದ್ದೇನೆ. ಕಂಡಿ ಇಲ್ಲ. ಇದನ್ನು ನಾನು ಯಾರ ಹತ್ತಿರವೂ ಹೇಳಿಲ್ಲ. ಚಹಾದಂಗಡಿಯವರಿಗೆ ಇದು ತಿಳಿಯುವ ವಿಷಯವಲ್ಲ, ನನಗೆ ತಿಳಿಯುತ್ತದೆ. ಇದರ ಬಗ್ಗೆ ಇನ್ನೇನೂ ಬರೆಯಲಾರೆ.

ನನ್ನ ನೆಪಗಳ ಹಿಂದೆ ನಿನ್ನ ಮಾತಿದೆ ಎಂದು ಎಂಜಿನಿಯರಮ್ಮನಿಗೆ ಗೊತ್ತಾದದ್ದು ದರ್ಜಿಯಿಂದ. ಸಾಲಿನ ಮೊದಲ ಮನೆ ಅವನದೇ ಅಲ್ಲವೇ, ಬಂಡೆಯ ನೇರ ಕೆಳಗೆ. ಆಗಲೇ ಹೊಲಿಗೆ ಯಂತ್ರದ ಸಮೇತ ವಾಪಸು ಬಂದಿದ್ದಾನೆ, ಸೊಸೆ ಎಳೆಮಗುವಿನ ಜೊತೆ ಬಂದಿದ್ದಾಳೆ. ಮಿಕ್ಕ ಮನೆಗಳೂ ಒಂದೊಂದಾಗಿ ಬಾಗಿಲು ತೆಗೆಯುತ್ತಿವೆ, ನಿನ್ನದೊಂದು ಬಿಟ್ಟು. ಎಂಜಿನಿಯರಮ್ಮ ನನ್ನನ್ನು ತಿರುವಿಗೆ ಕರೆದುಕೊಂಡು ಹೋದರು, ಬೈಯಲಿಲ್ಲ. ಚೊಂಬು ತೆಗೆದುಕೊಂಡು ಆ ತುಂಡಿನ ನಡುವೆ ನೀರು ಸುರಿದರು. ಬೆಟ್ಟದ ಬದಿಯ ಚರಂಡಿ ಬೂದಿ, ಕಲ್ಲು ತುಂಬಿ ಎತ್ತರವಾಗಿತ್ತು, ನೀರು ಬದುವಿನ ಬುಡಕ್ಕೆ ಹೋಗಿ, ಅದನ್ನೇ ಹಿಡಿದು ಕೆಳಕ್ಕೆ ಬಂದು, ಬಿದ್ದ ಮರದ ಹತ್ತಿರ ಗುಳಿಯಲ್ಲಿ ನಿಂತಿತು. 'ಇದು ಒಂದು ಚೊಂಬು. ಬೆಟ್ಟದ ನೀರೆಲ್ಲ ಬಂದ್ರೆ ಇಲ್ಲಿ ತುಂಬಿ, ಬಂಡೆ ಸುತ್ತಿಕೊಂಡು ದರ್ಜಿ ಮನೆ ಮೇಲೇ ಬೀಳುತ್ತೆ. ಆಮೇಲೆ ಉಳಿದ ಮನೆಗಳು' ಎಂದರು. ನನಗೂ ಗೊತ್ತಿತ್ತು. ಕೊನೆಗೆ ಅಂದರು: 'ನಿಮ್ಮಕ್ಕನಿಗೆ ಬರೀರಿ. ಗುರುವಾರದ ತನಕ ನಾನು ಕಾಯ್ತೀನಿ. ಮಳೆ ಕಾಯುತ್ತೆ ಅಂತ ನಾನು ಹೇಳಲಾರೆ.'

ಇದು ನನಗೆ ಬಿಸಿತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಅವರು ಬೇರೆ ಡ್ರೈವರನ್ನು ಕರೆಸಿ ತೆಗೆಸಬಹುದು. ಅದನ್ನು ನಾನು ಒಪ್ಪುವುದಿಲ್ಲ, ತೆಗೆಯುವುದಾದರೆ ನನ್ನ ಕೈಯಲ್ಲೇ ಆಗಬೇಕು, ಅದೂ ನಿನ್ನ ಮಾತಿನ ಮೇಲೆ. ನೀನು ಬೇಡ ಎಂದರೆ ಏನು ಮಾಡುತ್ತೇನೆ? ನಿಜ ಹೇಳಲೇ, ಗೊತ್ತಿಲ್ಲ. ಈ ಮೇಜಿನ ಮುಂದೆ ಕೂತರೆ ಕಿಟಕಿಯಿಂದ ಬಂಡೆಯ ನೆತ್ತಿ ಕಾಣುತ್ತದೆ. ಚಿಕ್ಕವನಿದ್ದಾಗ ನಾನು ಶಾಲೆ ತಪ್ಪಿಸಿ ಅದರ ಮೇಲೆ ಕೂತಿದ್ದೆ, ನೀನು ಇಲ್ಲೇ ನಿಂತು ಸೌಟು ತೋರಿಸುತ್ತಿದ್ದೆ. ನೀನು ನನಗೆ ಬೇಡ ಎಂದು ಹೇಳಿದ್ದನ್ನೆಲ್ಲ ನಾನು ಮಾಡಿದ್ದೇನೆ, ಈ ಒಂದು ಮಾತನ್ನು ಬಿಟ್ಟು. ಮಗಳ ಕೈಲಿ ಕಚೇರಿಗೆ ಒಂದು ಫೋನು ಮಾಡಿಸು. ಹೂಂ ಅಥವಾ ಉಹೂಂ ಸಾಕು, ಕಾರಣ ಹೇಳಬೇಕಾಗಿಲ್ಲ. ಡೀಸೆಲ್ ಲಾರಿಯವನು ನಾಳೆ ಬೆಳಿಗ್ಗೆ ನಿಮ್ಮ ಪೇಟೆಯ ಕಡೆಗೇ ಹೊರಡುತ್ತಾನೆ, ಮಗಳ ಮನೆಯ ಬಾಗಿಲಿಗೇ ತಲುಪಿಸುತ್ತೇನೆ ಎಂದು ಒಪ್ಪಿಕೊಂಡಿದ್ದಾನೆ. ಅವನಿಗೆ ಒಂದು ಲೋಟ ಚಹಾ ಕೊಡು, ಸಕ್ಕರೆ ಜಾಸ್ತಿ.

ಪರದೆ ಒಣಗಿದೆ, ಹಾಕಿ ಬೀಗ ಹಾಕುತ್ತೇನೆ. ಹಿರಿಯಳಾದ ನಿನಗೆ ನನ್ನ ಮತ್ತು ನನ್ನವಳ ನಮಸ್ಕಾರ. ಮಗಳಿಗೆ, ಅಳಿಯನಿಗೆ, ಕನ್ನಡಕ ಮುರಿದವಳಿಗೆ ಮಾವನ ಆಶೀರ್ವಾದ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡು ಹತ್ತು.

ಇಂತಿ ನಿನ್ನ ಮಾತು ಕೇಳದ,
ಮೊಂಡ

ತಾ. ಕ. ಬುಧವಾರ, ಯಂತ್ರದ ಮೆಟ್ಟಿಲ ಮೇಲೆ ಕೂತು ಗೀಚುತ್ತಿದ್ದೇನೆ. ಲಾರಿಯವನಿಗೆ ನಿನ್ನೆ ಹೊರಡಲಾಗಲಿಲ್ಲ, ಈಗ ಹಾರನ್ ಹೊಡೆಯುತ್ತಿದ್ದಾನೆ. ನಿನ್ನೆ ಮಧ್ಯಾಹ್ನ ಮಳೆ ಬಂತಕ್ಕ. ಹೆಚ್ಚು ಹೊತ್ತಲ್ಲ, ಆದರೆ ಬೆಟ್ಟ ಕರಗಿ ಬಂದ ಹಾಗೆ ಬಂತು. ನಾನು ತಿರುವಿಗೆ ಹೋಗುವಷ್ಟರಲ್ಲಿ ಬದುವಿನ ಹಿಂದೆ ಕಪ್ಪು ನೀರು ಮೊಣಕಾಲಿಗೆ ಬಂದಿತ್ತು, ಬಂಡೆ ಸುತ್ತಲು ಇನ್ನೇನು ಗೇಣು ಬಾಕಿ. ಕೆಳಗೆ ದರ್ಜಿಯ ಮನೆಯಲ್ಲಿ ಮಗು ಅಳುವುದು ಕೇಳುತ್ತಿತ್ತು. ನಿನ್ನ ಮಾತಿಗೆ ಕಾಯಲಾಗಲಿಲ್ಲ. ಮೊದಲು ಆ ಬಿದ್ದ ಮರವನ್ನಾದರೂ ಎಳೆಯೋಣ ಎಂದು ಸರಪಳಿ ಬಿಗಿದೆ. ನಿಧಾನಯ್ಯ ಓಡಿ ಬಂದ, ಅವನು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಮರ ಸರಿದದ್ದೇ ತಡ, ಅದರ ಹಿಂದಿನ ಬೂದಿ ಮಣ್ಣೆಲ್ಲ ಕುಸಿದು, ನಿಂತ ನೀರು ಒಂದೇ ಸಲ ಬಂಡೆಯ ಈಚೆಯಿಂದ, ಮನೆಗಳ ಕಡೆ ಹೋಗದ ಕಲ್ಲುಹಳ್ಳಕ್ಕೆ ಇಳಿದು ಹೋಯಿತು. ನಾವು ಯಾರೂ ಅಲ್ಲಿ ಅಗೆದಿರಲಿಲ್ಲ. ದಾರಿ ಮೊದಲೇ ಇತ್ತು.

ಅದು ಕಂಡಿ ಅಕ್ಕ. ನೀರು ಇಳಿದ ಮೇಲೆ ಒಳಗಿಳಿದು ಕೈಯಿಂದ ಸವರಿ ನೋಡಿದೆ. ಎರಡೂ ಬದಿ ಬ್ಲೇಡಿನಿಂದ ಕಡಿದದ್ದು, ಭಾವನ ಓರೆಯೇ. ಕಂಡಿಯಾಚೆ ಬದು ಮತ್ತೆ ಶುರುವಾಗಿ ಬಂಡೆಗೆ ಮುಟ್ಟಿದೆ, ಬಂಡೆಯ ಮೇಲೆ ಬ್ಲೇಡು ತಾಗಿದ ಗೀರೂ ಇದೆ. ಬಂಡೆಯ ತನಕ ಬಂದಿದ್ದರು. ಬಂದು, ಮತ್ತೆ ಹಿಂದಕ್ಕೆ ಹೋಗಿ, ಬ್ಲೇಡು ತಿರುಗಿಸಿ ಕಂಡಿ ಕಡಿದಿದ್ದಾರೆ. ಒಂದೇ ಎಳೆತಕ್ಕೆ ಆಗುವ ಕೆಲಸವಲ್ಲ ಅದು, ಹಿಂದೆ ಮುಂದೆ ಹೋಗಬೇಕು. ಅದಕ್ಕೇ ಯಂತ್ರ ಮೇಲೆ ನಿಂತಿದ್ದು. ಆ ಹೊಗೆಯಲ್ಲಿ, ಬೆಂಕಿ ಎದುರಿಗಿರುವಾಗ. ಓಡುವವನು ಮಳೆಗೆ ದಾರಿ ಮಾಡಿಟ್ಟು ಓಡುವುದಿಲ್ಲ. ಮರ ಆಮೇಲೆ ಬಿದ್ದು ಮುಚ್ಚಿತು. ಯಾರೂ ಮುಟ್ಟದ ಹಾಗೆ ಕಾವಲು ಕಾದು ಇಷ್ಟು ದಿನ ಮುಚ್ಚಿಟ್ಟವನು ನಾನು. ನಿಧಾನಯ್ಯ ನೋಡಿ, 'ಕೆಲ್ಸ ಮುಗ್ಸೇ ಇಳ್ದಿದಾನೆ ಕಣಯ್ಯಾ' ಎಂದ. ದರ್ಜಿಯೂ ಬಂದು ನೋಡಿದ. ಚಹಾದಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವನು ಅವನೇ. ಕತ್ತಲಾಗುವ ತನಕ ಕಲ್ಲು ಹೊತ್ತು ತಂದು ಕಂಡಿಯ ಬುಡಕ್ಕೆ ಜೋಡಿಸಿದ.

ನಾನು ಅಲ್ಲೇ ಕೆಸರಲ್ಲಿ ಕೂತು ಅತ್ತೆ ಅಕ್ಕ. ಬಹಳ ಹೊತ್ತು ಅತ್ತೆ.

ಮುಗಿಸಿದ ಕೆಲಸವಾದ್ದರಿಂದ ಇವತ್ತು ಬೆಳಿಗ್ಗೆ ಬದು ತೆಗೆದೆ. ನಿನ್ನ ಹೂಂ ಬರುವ ಮೊದಲೇ ತೆಗೆದೆ, ಬೈಯುವುದಿದ್ದರೆ ಬಂದು ಬೈ. ಕಂಡಿಯನ್ನು ಮುಟ್ಟಿಲ್ಲ, ಎಂಜಿನಿಯರಮ್ಮನ ಗೂಟವೂ ಸರಿಯಾಗಿ ಅಲ್ಲೇ ಇತ್ತು. ಆ ತುಂಡಿಗೆ ಇನ್ನೂ ಚೊಂಬು ನೀರು ಸುರಿದಿಲ್ಲ. ಯಾರಿಗೂ ಸುರಿಯಲು ಬಿಟ್ಟಿಲ್ಲ. ನೀನು ಬಂದು ಸುರಿ.